ಸೆಕೆಯ ಊರಿನಲ್ಲಿ ನಾಯಿಯ ವಾಕಿಂಗ್: ಮಂಗಳೂರಿನ ಎಲ್ಲ ಕಾಲಕ್ಕೂ ಒಂದು ಮಾರ್ಗದರ್ಶಿ

ಎಪ್ರಿಲ್ ತಿಂಗಳ ಒಂದು ಸಂಜೆ, ಐದೂವರೆ ಗಂಟೆ. ಫೋನಿನಲ್ಲಿ ನೋಡಿದರೆ 32 ಡಿಗ್ರಿ. ಅಷ್ಟೇನೂ ಬಿಸಿಲಿಲ್ಲ ಅಂದುಕೊಂಡು ಬೊಳ್ಳಿಯನ್ನು ಕರೆದುಕೊಂಡು ಬಿಜೈ ಕಡೆಗೆ ಹೊರಟೆ. ಬೊಳ್ಳಿ ನಮ್ಮ ಮನೆಯ ಲ್ಯಾಬ್ರಡಾರ್, ಆಗ ಅವಳಿಗೆ ಆರು ವರ್ಷ. ಹತ್ತು ನಿಮಿಷ ಚೆನ್ನಾಗಿಯೇ ನಡೆದಳು. ಆಮೇಲೆ ಯಾರದೋ ಗೇಟಿನ ನೆರಳು ಕಂಡದ್ದೇ ತಡ, ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿಬಿಟ್ಟಳು. ಕರೆದರೆ ಏಳಲಿಲ್ಲ. ನಾಲಗೆ ತುದಿಯಲ್ಲಿ ಅಗಲವಾಗಿ ಸೌಟಿನ ಹಾಗೆ ಆಗಿತ್ತು. ಜೊಲ್ಲು ಅಂಟಂಟಾಗಿ ನೂಲಿನಂತೆ ಇಳಿಯುತ್ತಿತ್ತು. ಆ ಮನೆಯ ಅಮ್ಮ ಒಳಗಿಂದ ಎರಡು ಬಕೆಟ್ ನೀರು ತಂದು ಕೊಟ್ಟರು. ಇಬ್ಬರೂ ಸೇರಿ ಅವಳ ಮೈಮೇಲೆ ಸುರಿದೆವು. ಉಸಿರು ಹದಕ್ಕೆ ಬರಲು ಇಪ್ಪತ್ತು ನಿಮಿಷ ಬೇಕಾಯಿತು.

ಆಮೇಲೆ ನಮ್ಮ ಡಾಕ್ಟರು ಹೇಳಿದ್ದು ಇಷ್ಟೇ: "ನೀವು ಡಿಗ್ರಿ ನೋಡಿದ್ರಿ, ಸೆಕೆ ನೋಡಲಿಲ್ಲ."

ಆ ಒಂದು ಮಾತಿನಿಂದ ನಮ್ಮ ವಾಕಿಂಗ್ ಪೂರ್ತಿ ಬದಲಾಯಿತು. ನಮಗೆ ಸೆಕೆಯಾದರೆ ಮೈಯೆಲ್ಲಾ ಬೆವರುತ್ತದೆ. ನಾಯಿಗೆ ಬೆವರುವುದು ಪಾದದ ಅಡಿಯಲ್ಲಿ ಮಾತ್ರ, ಅದೂ ಸ್ವಲ್ಪ. ಅದು ಮೈ ತಂಪು ಮಾಡಿಕೊಳ್ಳುವುದು ಏದುಸಿರಿನಿಂದ. ನಾಲಗೆ ಮತ್ತು ಬಾಯಿಯ ತೇವ ಆರಿದಾಗ ಅದರ ಜೊತೆ ಮೈಯ ಬಿಸಿಯೂ ಹೋಗುತ್ತದೆ. ಗಾಳಿಯಲ್ಲೇ ನೀರು ತುಂಬಿಕೊಂಡಿದ್ದರೆ ಬಾಯಿಯ ತೇವ ಆರುವುದು ಹೇಗೆ? ನಮ್ಮ ಊರಲ್ಲಿ ಬಟ್ಟೆ ಒಣಗದ ದಿನ ನಾಯಿಯೂ ತಣಿಯುವುದಿಲ್ಲ. ಬಳ್ಳಾರಿಯ ಒಣ 36 ಡಿಗ್ರಿಗಿಂತ ಮಂಗಳೂರಿನ 32 ಡಿಗ್ರಿ ನಾಯಿಗೆ ಕೆಲವೊಮ್ಮೆ ಜಾಸ್ತಿ ಕಷ್ಟ ಆಗುವುದು ಇದಕ್ಕೇ.

ಮೊದಲು ಉಸಿರು ನೋಡಲು ಕಲಿಯಿರಿ

ಬೇರೆ ಎಲ್ಲದಕ್ಕಿಂತ ಮುಂಚೆ ಈ ಕೆಲಸ. ನಿಮ್ಮ ನಾಯಿ ಮನೆಯಲ್ಲಿ ಆರಾಮಾಗಿ ಮಲಗಿದ್ದಾಗ ಅದರ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಮಲಗಿರುವ ಆರೋಗ್ಯವಂತ ನಾಯಿಗೆ ನಿಮಿಷಕ್ಕೆ 30ರ ಒಳಗೆ ಇರಬೇಕು. ಒಸಡನ್ನು ಬೆರಳಲ್ಲಿ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನ ಒಳಗೆ ಮತ್ತೆ ಗುಲಾಬಿಯಾಗಬೇಕು. ಒಸಡೇ ಕಪ್ಪಗಿರುವ ನಾಯಿಯಾದರೆ ಕೆಳ ರೆಪ್ಪೆಯ ಒಳಭಾಗದ ಬಣ್ಣ ನೋಡಿಟ್ಟುಕೊಳ್ಳಿ. ನಿಮ್ಮ ನಾಯಿಗೆ ಸಹಜವಾದದ್ದು ಯಾವುದು ಅಂತ ಗೊತ್ತಿದ್ದರೆ ಮಾತ್ರ ತಪ್ಪಿದ್ದು ಕಾಣುತ್ತದೆ.

ವಾಕಿಂಗ್ ಹೊತ್ತಿನಲ್ಲಿ ಬಾಯಿ ತೆರೆದು ಉಸಿರಾಡುವುದು ತಪ್ಪಲ್ಲ. ಆದರೆ ನಾಲಗೆಯ ತುದಿ ಅಗಲವಾದರೆ, ಪ್ರತಿ ನೆರಳಿಗೂ ಎಳೆಯತೊಡಗಿದರೆ, ನಿಂತ ಎರಡು ಮೂರು ನಿಮಿಷದಲ್ಲಿ ಉಸಿರು ಇಳಿಯದಿದ್ದರೆ ಆ ದಿನದ ವಾಕಿಂಗ್ ಅಲ್ಲಿಗೆ ಮುಗಿಯಿತು. ಮನೆ ಇನ್ನೂ ದೂರ ಇದ್ದರೆ ಆಟೋ ಕರೆಯಿರಿ. ಉಸಿರಿನ ಜೊತೆ ಗೊರಗೊರ ಸದ್ದು ಬಂದರಂತೂ ತಡ ಮಾಡಲೇಬೇಡಿ. ಪಗ್, ಶಿಟ್ಜು, ಬಾಕ್ಸರ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಗಾಳಿ ಹೋಗುವ ದಾರಿಯೇ ಇಕ್ಕಟ್ಟು. ಮಾರ್ಚ್‌ನಿಂದ ಮೇವರೆಗೆ ಅವಕ್ಕೆ ಹತ್ತು ನಿಮಿಷದ ವಾಕಿಂಗ್ ಸಾಕು ಅಂತ ನನ್ನ ಗಟ್ಟಿ ಅಭಿಪ್ರಾಯ. ದಪ್ಪಗಿರುವ ನಾಯಿ, ಮುದಿ ನಾಯಿ, ಹೃದಯದ ತೊಂದರೆ ಇರುವ ನಾಯಿಗೂ ಅಷ್ಟೇ.

ಸಾಮಾನು

ಜಾಸ್ತಿ ಏನೂ ಬೇಡ. ಕುತ್ತಿಗೆಗೆ ಬೆಲ್ಟ್ ಇರಲಿ, ಅದರಲ್ಲಿ ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಇರಲಿ. ಆದರೆ ಹಗ್ಗ ಸಿಕ್ಕಿಸುವುದು ಎದೆಗೆ ಹಾಕುವ ಹಾರ್ನೆಸ್‌ಗೆ. ಸೆಕೆಯಲ್ಲಿ ಏದುಸಿರು ಬಿಡುವ ನಾಯಿಯ ಕುತ್ತಿಗೆಯನ್ನೇ ಎಳೆದರೆ ಉಸಿರಿನ ದಾರಿಯನ್ನೇ ಒತ್ತಿದಂತೆ. ಅಗಲವಾದ ದಪ್ಪ ಬಟ್ಟೆಯ ಹಾರ್ನೆಸ್ ನಮ್ಮ ಊರಿಗೆ ಆಗುವುದಿಲ್ಲ, ಬೆನ್ನು ಬೇಯುತ್ತದೆ, ಮಳೆಗಾಲದಲ್ಲಿ ಒಣಗುವುದೂ ಇಲ್ಲ. ತೆಳುವಾದ ಪಟ್ಟಿಯದ್ದು ತೆಗೆದುಕೊಳ್ಳಿ. ಹಗ್ಗ ಐದಾರು ಅಡಿ ಸಾಕು. ಗುಂಡಿ ಒತ್ತಿದರೆ ಉದ್ದಕ್ಕೆ ಬಿಚ್ಚಿಕೊಳ್ಳುವ ಲೀಶ್ ಪೇಟೆಯ ಮಾರ್ಗದಲ್ಲಿ ಬೇಡವೇ ಬೇಡ. ಅರ್ಧ ಲೀಟರ್ ನೀರು, ಒಂದು ಬಟ್ಟಲು, ಮಲ ಎತ್ತಲು ಚೀಲ, ಕತ್ತಲಲ್ಲಿ ಹೊಳೆಯುವ ಪಟ್ಟಿ, ಟಾರ್ಚ್. ನಾಯಿಗೆ ಬಾಯಿಕವಚ ಹಾಕುವುದಾದರೆ ಪಂಜರದ ಹಾಗೆ ಇರುವ ಬುಟ್ಟಿಯಂಥದ್ದೇ ಹಾಕಿ. ಬಾಯಿಯನ್ನು ಬಿಗಿಯಾಗಿ ಮುಚ್ಚುವ ಬಟ್ಟೆಯ ಕವಚ ಹಾಕಿದರೆ ನಾಯಿಗೆ ಏದುಸಿರು ಬಿಡಲು ಆಗುವುದಿಲ್ಲ, ಸೆಕೆಯಲ್ಲಿ ಅದು ಪ್ರಾಣಕ್ಕೇ ಕುತ್ತು.

ಬೇಸಿಗೆ: ಮಾರ್ಚ್‌ನಿಂದ ಮೇ

ಹೊರಡುವ ಹೊತ್ತು ಬೆಳಗಿನ ಐದೂಮುಕ್ಕಾಲು. ಏಳು ಗಂಟೆಗೆ ಮನೆಯಲ್ಲಿರಬೇಕು. ಮುಂಜಾನೆಯ ಗಾಳಿಯಲ್ಲಿ ತೇವ ಜಾಸ್ತಿ ಇರುತ್ತದೆ ನಿಜ, ಆದರೆ ರಾತ್ರಿಯಿಡೀ ನೆಲ ತಣಿದಿರುತ್ತದೆ, ಬಿಸಿಲೂ ಇರುವುದಿಲ್ಲ. ಸಂಜೆ ಹಾಗಲ್ಲ. ಸೂರ್ಯ ಮುಳುಗಿದ ಮೇಲೂ ಡಾಂಬರು, ಕಾಂಕ್ರೀಟ್ ಮಾರ್ಗ, ಕಂಪೌಂಡ್ ಗೋಡೆ ಎಲ್ಲ ಸೇರಿ ಹಗಲಿನ ಬಿಸಿಯನ್ನು ಉಗುಳುತ್ತಿರುತ್ತವೆ. ನಾಯಿಯ ಹೊಟ್ಟೆ ನೆಲದ ಹತ್ತಿರವೇ ಇರುತ್ತದೆ. ನಮ್ಮ ಮುಖಕ್ಕೆ ಕಡಲ ಗಾಳಿ ಬೀಸುವಾಗ ಅದರ ಹೊಟ್ಟೆಗೆ ಕಾವಲಿಯ ಬಿಸಿ. ಸಂಜೆ ಹೋಗಲೇಬೇಕಾದರೆ ರಾತ್ರಿ ಎಂಟರ ನಂತರ ಹೋಗಿ.

ಹೊರಡುವ ಮುಂಚೆ ಅಂಗೈಯ ಹಿಂಭಾಗವನ್ನು ಮಾರ್ಗದ ಮೇಲೆ ಇಟ್ಟು ಏಳು ಎಣಿಸಿ. ನಿಮಗೆ ಇಡಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಗಾಳಿ 31-32 ಡಿಗ್ರಿ ಇದ್ದರೂ ನೇರ ಬಿಸಿಲಿಗೆ ಬಿದ್ದ ಡಾಂಬರು 50 ಡಿಗ್ರಿ ದಾಟಿರುತ್ತದೆ. ಮರಳಂತೂ ಇನ್ನೂ ಮೋಸ. ಪಣಂಬೂರಿಗೋ ತಣ್ಣೀರುಬಾವಿಗೋ ಸಂಜೆ ನಾಲ್ಕಕ್ಕೆ ಹೋದರೆ ನೀರಿನ ಅಂಚು ತಂಪಾಗಿಯೇ ಇರುತ್ತದೆ, ಅಲ್ಲಿಗೆ ತಲುಪುವ ಒಣ ಮರಳು ಸುಡುತ್ತಿರುತ್ತದೆ. ಮಣ್ಣಿನ ಅಂಚು, ಹುಲ್ಲು, ಹಳೆಯ ಮರಗಳ ಸಾಲು ಇರುವ ದಾರಿ ಹುಡುಕಿ. ದೂರ ಮುಖ್ಯವಲ್ಲ. ಮೂಸಲು ಬಿಡಿ. ಹದಿನೈದು ನಿಮಿಷ ಮೂಸುತ್ತಾ ನಿಧಾನ ನಡೆದರೂ ನಾಯಿಗೆ ಸಮಾಧಾನ ಸಿಗುತ್ತದೆ. ಬೈಕಿನ ಪಕ್ಕ ಹಗ್ಗ ಕಟ್ಟಿ ಓಡಿಸುವವರನ್ನು ಈಗಲೂ ನೋಡುತ್ತೇನೆ, ದಯವಿಟ್ಟು ಹಾಗೆ ಮಾಡಬೇಡಿ. ನಿಲ್ಲಬೇಕು ಅನ್ನಿಸಿದರೆ ಅದಕ್ಕೆ ನಿಲ್ಲಲು ಆಗುವುದಿಲ್ಲ.

ಈ ಕಾಲದ ಇನ್ನೊಂದು ಅಪಾಯ ಮಾವಿನ ಗೊರಟು. ಎಪ್ರಿಲ್-ಮೇಯಲ್ಲಿ ಮಾರ್ಗದ ಬದಿಯಲ್ಲಿ ಎಲ್ಲಿ ನೋಡಿದರೂ ಚೀಪಿ ಎಸೆದ ಗೊರಟು. ಸಿಹಿ ವಾಸನೆಗೆ ನಾಯಿ ಬಾಯಿ ಹಾಕುತ್ತದೆ, ನುಂಗಿಯೂ ಬಿಡುತ್ತದೆ. ಅದು ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್‌ವರೆಗೂ ಹೋಗುತ್ತದೆ. ಗೊರಟು ತಿಂದ ನಾಯಿ ವಾಂತಿ ಮಾಡಿದರೆ, ಊಟ ಬಿಟ್ಟರೆ, ಎರಡು ದಿನ ಆಗಿದ್ದರೂ ಡಾಕ್ಟರಿಗೆ ಗೊರಟಿನ ವಿಷಯ ಹೇಳಿ. "ಬಿಡು" ಅಂದರೆ ಬಾಯಿಂದ ಬಿಡುವುದನ್ನು ಚಳಿಗಾಲದಲ್ಲೇ ಕಲಿಸಿಡಿ. ತಿಂಡಿ ತೋರಿಸಿ, ಬಾಯಲ್ಲಿರುವುದನ್ನು ಬಿಟ್ಟ ಕೂಡಲೇ ಅದನ್ನು ಕೊಡಿ. ದಿನಕ್ಕೆ ಐದು ಸಲ ಮಾಡಿದರೆ ಬೇಗ ಬರುತ್ತದೆ.

ಶಾಖ ಹೊಡೆದರೆ

ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿತು ಅಂದರೆ ಜೀವಕ್ಕೆ ಅಪಾಯ. ತೂರಾಡುವುದು, ವಾಂತಿ, ಕಡು ಕೆಂಪಾದ ಅಥವಾ ಬಿಳಿಚಿದ ಒಸಡು, ಕರೆದರೆ ತಿರುಗಿ ನೋಡದಿರುವುದು, ಕುಸಿದು ಬೀಳುವುದು, ಇವು ಗುರುತುಗಳು. ಇಂಥ ಹೊತ್ತಲ್ಲಿ ಮೊದಲು ತಂಪು ಮಾಡಬೇಕು, ಆಮೇಲೆ ಡಾಕ್ಟರ ಬಳಿಗೆ. ಬಿಸಿ ಮೈಯಲ್ಲೇ ಕಾರಿಗೆ ಹಾಕಿಕೊಂಡು ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಕಳೆದರೆ ಒಳಗಿನ ಅಂಗಗಳು ಬೇಯುತ್ತಲೇ ಇರುತ್ತವೆ.

ನೆರಳಿಗೆ ಎಳೆಯಿರಿ. ನಲ್ಲಿ ನೀರೋ ಬಾವಿ ನೀರೋ, ಸಿಕ್ಕಿದ್ದನ್ನು ಹೊಟ್ಟೆ, ತೊಡೆಸಂದು, ಕುತ್ತಿಗೆ, ಪಾದಕ್ಕೆ ಸುರಿಯುತ್ತಲೇ ಇರಿ. ಮೂಗು ಬಾಯಿಗೆ ನೀರು ಹೋಗದಂತೆ ತಲೆ ಎತ್ತಿ ಹಿಡಿಯಿರಿ. ಜೊತೆಗೆ ಗಾಳಿ ಹಾಕಿ, ಪೇಪರೋ ರಟ್ಟೋ ಏನಾದರೂ ಆಗುತ್ತದೆ. ಒದ್ದೆ ಬೈರಾಸನ್ನು ಮೈಮೇಲೆ ಹೊದಿಸಿ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗಿ ಕಂಬಳಿಯ ಕೆಲಸ ಮಾಡುತ್ತದೆ. ಎಚ್ಚರ ಇದ್ದರೆ ಸ್ವಲ್ಪ ಸ್ವಲ್ಪ ಕುಡಿಯಲು ಕೊಡಿ, ಬಾಯಿಗೆ ಒತ್ತಾಯವಾಗಿ ಸುರಿಯಬೇಡಿ. ಥರ್ಮಾಮೀಟರ್ ಇದ್ದರೆ 103ಕ್ಕೆ ಇಳಿದಾಗ ನೀರು ಹಾಕುವುದನ್ನು ನಿಲ್ಲಿಸಿ. ಆಮೇಲೆ ಕಾರಿನ ಎಸಿ ಹಾಕಿಕೊಂಡು ಹೊರಡಿ. ಎದ್ದು ಬಾಲ ಅಲ್ಲಾಡಿಸಿದರೂ ಡಾಕ್ಟರಿಗೆ ತೋರಿಸಲೇಬೇಕು. ಕಿಡ್ನಿ ಮತ್ತು ರಕ್ತಕ್ಕೆ ಆದ ಪೆಟ್ಟು ಒಂದೆರಡು ದಿನ ಕಳೆದು ಕಾಣಿಸಬಹುದು.

ಮಳೆಗಾಲಕ್ಕೆ ಮೇ ತಿಂಗಳಲ್ಲೇ ತಯಾರಿ

ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಅಷ್ಟು ದಿನ ನಾಯಿಯನ್ನು ಮನೆಯೊಳಗೆ ಕೂಡಿಹಾಕಲು ಆಗುವುದಿಲ್ಲ. ಹೊರಗೆ ಮಾತ್ರ ಹೋಗುವ ಅಭ್ಯಾಸ ಇರುವ ನಾಯಿ ಗಂಟೆಗಟ್ಟಲೆ ಮೂತ್ರ ತಡೆದುಕೊಂಡು ಕೂರುತ್ತದೆ, ಪಾಪ.

ಮೇ ತಿಂಗಳಲ್ಲಿ ಎರಡು ಕೆಲಸ ಮುಗಿಸಿ. ಒಂದು, ಇಲಿಜ್ವರದ ಲಸಿಕೆ. ಲೆಪ್ಟೋಸ್ಪೈರಾ ಅನ್ನುವ ರೋಗಾಣು ಇಲಿ-ಹೆಗ್ಗಣಗಳ ಮೂತ್ರದಿಂದ ಮಳೆನೀರಿಗೆ ಸೇರುತ್ತದೆ. ನಾಯಿ ಆ ನೀರು ಕುಡಿದರೆ, ಅಥವಾ ಪಾದದ ಗಾಯಕ್ಕೆ ಆ ನೀರು ತಾಗಿದರೆ ಸಾಕು. ನಾಯಿಯಿಂದ ನಮಗೂ ಬರುತ್ತದೆ. ಈ ಲಸಿಕೆಯ ರಕ್ಷಣೆ ಸುಮಾರು ಒಂದು ವರ್ಷ. ಅದಕ್ಕೇ ಮಳೆಗೆ ಮುಂಚೆ ಹಾಕಿಸುವುದು ಜಾಣತನ. ಮೊದಲ ಸಲವಾದರೆ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು, ಹಾಗಾಗಿ ಎಪ್ರಿಲ್‌ನಲ್ಲೇ ಶುರು ಮಾಡಿ. ರೇಬೀಸ್ ಲಸಿಕೆಯ ದಿನಾಂಕವನ್ನೂ ಆಗಲೇ ನೋಡಿಬಿಡಿ. ಎರಡು, ನಿಮ್ಮ ಹತ್ತಿರದ ಯಾವ ಪಶು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇದೆ, ರಾತ್ರಿ ತೆರೆದಿರುವುದು ಯಾವುದು ಅಂತ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಕಚ್ಚಿದ ಮೇಲೆ ಹುಡುಕಲು ಹೊತ್ತು ಇರುವುದಿಲ್ಲ.

ಮಳೆಯಲ್ಲಿ ನಡೆಯುವಾಗ

ಕರೆಂಟ್ ಕಂಬ. ಮಳೆಗಾಲದಲ್ಲಿ ನನಗೆ ಅತಿ ಹೆಚ್ಚು ಭಯ ಇದರದ್ದೇ. ನಾಯಿ ಕಾಲೆತ್ತುವುದು ಕಂಬದ ಬುಡಕ್ಕೇ ಅಲ್ವಾ? ಒದ್ದೆ ನೆಲ, ಒದ್ದೆ ಪಾದ, ಕಬ್ಬಿಣದ ಕಂಬ. ಎಲ್ಲಾದರೂ ವಯರು ಸವೆದು ಕರೆಂಟ್ ಸೋರುತ್ತಿದ್ದರೆ ಮೊದಲು ಹೋಗುವುದು ನಾಯಿಯ ಜೀವ, ಅದನ್ನು ಹಿಡಿಯಲು ಹೋದ ನಮ್ಮದು ಎರಡನೆಯದು. ಕಂಬ, ಅದನ್ನು ಎಳೆದು ಕಟ್ಟಿದ ತಂತಿ, ಟ್ರಾನ್ಸ್‌ಫಾರ್ಮರ್ ಬೇಲಿ, ಬೀದಿದೀಪದ ಪೆಟ್ಟಿಗೆ, ಅಂಗಡಿಯ ಬೋರ್ಡ್, ಎಲ್ಲದರಿಂದ ದೂರ ನಡೆಯಿರಿ. ನಾಯಿ ಒಂದು ಜಾಗದಲ್ಲಿ ಥಟ್ಟನೆ ಕಿರುಚಿ ಹಿಂದೆ ಹಾರಿದರೆ ನೀವೂ ಮುಂದೆ ಹೋಗಬೇಡಿ. ತಂತಿ ಬಿದ್ದದ್ದು ಕಂಡರೆ ದೂರ ನಿಂತು 1912ಕ್ಕೆ ಫೋನ್ ಮಾಡಿ, ಮೆಸ್ಕಾಂನವರು ಲೈನ್ ಬಂದ್ ಮಾಡುತ್ತಾರೆ.

ಮಾರ್ಗದ ಮೇಲೆ ನೀರು ಹರಿಯುತ್ತಿದ್ದರೆ ಅದರೊಳಗೆ ಕಾಲಿಡಬೇಡಿ. ಚರಂಡಿಯ ಚಪ್ಪಡಿ ಎಲ್ಲಿ ಸರಿದಿದೆ, ತೋಡು ಎಲ್ಲಿ ಶುರುವಾಗುತ್ತದೆ ಅಂತ ಕೆಂಪು ನೀರಿನ ಕೆಳಗೆ ಕಾಣುವುದಿಲ್ಲ. ನಮ್ಮ ಮಾಮೂಲು ದಾರಿಯಲ್ಲಿ ಎಲ್ಲೆಲ್ಲಿ ಚಪ್ಪಡಿ ಇಲ್ಲ ಅಂತ ಮೇ ತಿಂಗಳಲ್ಲೇ ಒಮ್ಮೆ ನೋಡಿ ನೆನಪಿಟ್ಟುಕೊಂಡಿದ್ದೇನೆ. ಗಾಳಿ ಜೋರಾಗಿದ್ದರೆ ತೆಂಗಿನ ಮರದ ಕೆಳಗಿನ ದಾರಿ ಬಿಡಿ. ಮಡಲು ಬಿದ್ದರೂ ಸಾಕು, ಕಾಯಿ ಬೇಕಾಗಿಲ್ಲ. ಪಾಚಿ ಕಟ್ಟಿದ ಮುರಕಲ್ಲಿನ ಮೆಟ್ಟಿಲಲ್ಲಿ ನಾಯಿ ಜಾರುವುದಕ್ಕಿಂತ ಹಗ್ಗ ಹಿಡಿದ ನಾವು ಜಾರುವುದೇ ಜಾಸ್ತಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ.

ಹಾವಿನ ಕಾಲ ಇದು. ಬಿಲಕ್ಕೆ ನೀರು ನುಗ್ಗಿದಾಗ ಅವು ಕಲ್ಲುರಾಶಿ, ಸೌದೆ, ಹಂಚಿನ ಗುಡ್ಡೆಗೆ ಬಂದು ಸೇರುತ್ತವೆ. ಮುಸ್ಸಂಜೆಯ ಮೇಲೆ ಟಾರ್ಚ್ ಮುಂದೆ ಹಿಡಿದು, ಹಗ್ಗ ಗಿಡ್ಡ ಮಾಡಿ, ಮಾರ್ಗದ ನಡುಭಾಗದ ಕಡೆಗೇ ನಡೆಸಿ. ಪೊದೆಗೆ ಮೂತಿ ಹಾಕಲು ಬಿಡಬೇಡಿ. ಕಚ್ಚಿತು ಅನ್ನಿಸಿದರೆ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ನೇರ ಆಸ್ಪತ್ರೆಗೆ ಹೋಗಿ. ನೆಲಗಪ್ಪೆಯನ್ನು ಬಾಯಿಗೆ ಹಾಕಿಕೊಂಡು ನೊರೆ ಕಕ್ಕುವುದೂ ಮಳೆಗಾಲದ ರಾತ್ರಿಗಳಲ್ಲಿ ಆಗುತ್ತಿರುತ್ತದೆ. ಆಗ ಮೂತಿ ಕೆಳಗೆ ಬಾಗಿಸಿ, ನೀರು ಗಂಟಲಿಗೆ ಹೋಗದ ಹಾಗೆ ಬದಿಯಿಂದ ಬಾಯಿ ತೊಳೆಯಿರಿ. ನಡುಕ ಬಂದರೆ, ತೂರಾಡಿದರೆ ತಡ ಮಾಡದೆ ಡಾಕ್ಟರ ಬಳಿ ಹೋಗಿ.

ರೈನ್‌ಕೋಟ್ ಹಾಕಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೆನ್ನು ಮಾತ್ರ ಮುಚ್ಚುವ ತೆಳು ಕೋಟ್ ಆಗಬಹುದು. ಹೊಟ್ಟೆಯನ್ನೂ ಸುತ್ತಿಕೊಳ್ಳುವಂಥದ್ದು ಬೇಡ. ಮಳೆ ಬರುತ್ತಿದ್ದರೂ ನಮ್ಮ ಊರಲ್ಲಿ ಸೆಕೆ ಹೋಗಿರುವುದಿಲ್ಲ, ಕೋಟಿನ ಒಳಗೆ ಮೈ ಬೆಂದುಹೋಗುತ್ತದೆ. ಮನೆಗೆ ಬಂದ ಕೂಡಲೇ ತೆಗೆಯಿರಿ.

ಬಂದ ಮೇಲಿನ ಹತ್ತು ನಿಮಿಷ

ಮಳೆಗಾಲದ ವಾಕಿಂಗ್‌ನಲ್ಲಿ ಅರ್ಧ ಕೆಲಸ ಇರುವುದು ಜಗಲಿಯಲ್ಲಿ. ಬೊಳ್ಳಿಗೆ ಈಗ ಇದು ರೂಢಿ. ಬಂದ ಕೂಡಲೇ ಬಂದು ಮ್ಯಾಟ್ ಮೇಲೆ ಕೂತು ಮುಂಗಾಲು ಕೊಡುತ್ತಾಳೆ. ಮಗ್ಗಿನ ನೀರಲ್ಲಿ ಒಂದೊಂದೇ ಪಾದ ಅದ್ದಿ ಕೆಸರು ಬಿಡಿಸುತ್ತೇನೆ. ಆಮೇಲೆ ಹಳೆಯ ತೆಳು ಬೈರಾಸು. ಬೆನ್ನು ಒರೆಸುವುದು ಸುಲಭ, ಎಲ್ಲರೂ ಮಾಡುತ್ತಾರೆ. ಮುಖ್ಯವಾದದ್ದು ಬೆರಳ ಸಂದು. ಬೈರಾಸಿನ ತುದಿಯನ್ನು ಬೆರಳಿಗೆ ಸುತ್ತಿ ಒಂದೊಂದು ಸಂದಿನಲ್ಲೂ ಎಳೆಯಬೇಕು. ಅಡಿಯ ಮೆತ್ತೆಗಳ ನಡುವೆಯೂ. ಕೊನೆಗೆ ಪಾದವನ್ನು ಮೂಗಿನ ಹತ್ತಿರ ತಂದು ಮೂಸಿ ನೋಡುತ್ತೇನೆ. ಒದ್ದೆ ನಾಯಿಯ ವಾಸನೆ ಬೇರೆ. ಹುಳಿ ಬಂದ ದೋಸೆಹಿಟ್ಟಿನ ಹಾಗೆ ವಾಸನೆ ಬಂದರೆ, ಸಂದಿನ ಕೂದಲು ಕಂದು ಬಣ್ಣಕ್ಕೆ ತಿರುಗಿದ್ದರೆ, ನಾಯಿ ಅದನ್ನೇ ನೆಕ್ಕುತ್ತಿದ್ದರೆ ಅಲ್ಲಿ ಬೂಷ್ಟಿನ ಸೋಂಕು ಶುರುವಾಗಿರುತ್ತದೆ. ಆ ಹಂತದಲ್ಲಿ ತೋರಿಸಿದರೆ ಒಂದು ಶಾಂಪೂ, ಒಂದು ಮುಲಾಮಿನಲ್ಲೇ ಹೋಗಬಹುದು. ಒಂದು ತಿಂಗಳು ಬಿಟ್ಟರೆ ಗುಳಿಗೆಯ ಮೇಲೆ ಗುಳಿಗೆ.

ಡೆಟ್ಟಾಲ್, ಫಿನಾಯಿಲ್ ಹಾಕಿದ ನೀರಲ್ಲಿ ಪಾದ ತೊಳೆಯಬೇಡಿ. ನಾಯಿ ಅದನ್ನು ನೆಕ್ಕಿಯೇ ನೆಕ್ಕುತ್ತದೆ. ಬೇಸಿಗೆಯಲ್ಲಿ ಒಡೆದ ಪಾದಕ್ಕೆ ತೆಂಗಿನೆಣ್ಣೆ ಸ್ವಲ್ಪ ಸವರಿದರೆ ತೊಂದರೆಯಿಲ್ಲ. ಮಳೆಗಾಲದಲ್ಲಿ ಬೇಡ, ತೇವ ಒಳಗೇ ಉಳಿಯುತ್ತದೆ. ಜೋಲು ಕಿವಿಯ ನಾಯಿಗಳಿಗೆ ಕಿವಿ ಮಡಚಿ ಒಳಗಿನ ಕಾಣುವ ಭಾಗ ಒರೆಸಿ, ಸ್ವಲ್ಪ ಹೊತ್ತು ಫ್ಯಾನಿನ ಕೆಳಗೆ ಬಿಡಿ. ಬಡ್ಸ್ ಹಾಕಬೇಡಿ. ಒದ್ದೆ ಬೆಲ್ಟ್ ಬಿಚ್ಚಿ ಇಡಿ. ಎರಡು ಬೆಲ್ಟ್ ಇದ್ದರೆ ಒಂದು ಒಣಗುವಾಗ ಇನ್ನೊಂದು ಆಗುತ್ತದೆ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್

ಮಳೆ ಹೋಯಿತು ಅಂತ ಖುಷಿಪಡುವ ಹೊತ್ತಿಗೆ ಹುಲ್ಲು ಸೊಂಟದೆತ್ತರ ಬೆಳೆದಿರುತ್ತದೆ, ಉಣ್ಣಿ ಕಾದಿರುತ್ತದೆ. ಉಣ್ಣಿ ಜ್ವರ ನಮ್ಮ ಊರಿನ ನಾಯಿಗಳನ್ನು ಸುಮ್ಮನೆ ಬಿಡುವುದಿಲ್ಲ. ಪ್ರತಿ ವಾಕಿಂಗ್ ಆದ ಮೇಲೆ ಬೆರಳ ಸಂದು, ಕಿವಿಯ ಒಳಗೆ, ಬೆಲ್ಟಿನ ಅಡಿ, ಕಂಕುಳು, ಬಾಲದ ಬುಡ ಮುಟ್ಟಿ ನೋಡಿ. ಕಂಡರೆ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ತಿಂಗಳಿಗೊಮ್ಮೆಯ ಹನಿಮದ್ದು ಅಥವಾ ಗುಳಿಗೆಯನ್ನು ತೂಕ ನೋಡಿ ಡಾಕ್ಟರೇ ಹೇಳಲಿ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ಹೇಳಿ, ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಜ್ವರ, ಊಟ ಬೇಡ ಅನ್ನುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ, ಇದರಲ್ಲಿ ಯಾವುದು ಕಂಡರೂ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

ಈ ತಿಂಗಳುಗಳಲ್ಲಿ ಸದ್ದೂ ಜಾಸ್ತಿ. ಕುದ್ರೋಳಿಯ ದಸರಾ, ಹುಲಿವೇಷದ ತಾಸೆ, ದೀಪಾವಳಿ ಪಟಾಕಿ, ಸಂಜೆಯ ಗುಡುಗು. ಹೆದರಿದ ನಾಯಿ ಬೆಲ್ಟಿನಿಂದ ತಲೆ ಹಿಂದಕ್ಕೆ ಎಳೆದು ಓಡಿಹೋಗುತ್ತದೆ. ಆ ದಿನಗಳಲ್ಲಿ ಬೆಲ್ಟ್ ಮತ್ತು ಹಾರ್ನೆಸ್ ಎರಡಕ್ಕೂ ಹಗ್ಗ ಸಿಕ್ಕಿಸಿ. ದೀಪಾವಳಿಯ ಮೂರು ದಿನ ಕತ್ತಲಾಗುವ ಮುಂಚೆ ವಾಕಿಂಗ್ ಮುಗಿಸಿ.

ಡಿಸೆಂಬರ್‌ನಿಂದ ಫೆಬ್ರವರಿ

ಬೆಳಿಗ್ಗೆ 21-22 ಡಿಗ್ರಿ, ಗಾಳಿ ಸ್ವಲ್ಪ ಒಣ. ನಾಯಿಗೆ ವರ್ಷದ ಒಳ್ಳೆಯ ಕಾಲ ಇದೇ. ಮಧ್ಯಾಹ್ನ ಮಾತ್ರ ಈಗಲೂ ಬೇಡ, 32 ದಾಟುತ್ತದೆ. ಕಡಲಿಗೆ ಹೋಗುವುದಾದರೆ ಈಗ ಹೋಗಿ. ಸಾಕುಪ್ರಾಣಿ ಬಿಡುತ್ತಾರಾ ಅಂತ ಬೋರ್ಡ್ ನೋಡಿ. ದಡದಲ್ಲಿ ಬಲೆಯಿಂದ ಎಸೆದ ಮೀನು ಬಿದ್ದಿರುತ್ತದೆ. ಅದರಲ್ಲಿ ಹೊಟ್ಟೆ ಉಬ್ಬಿಸಿಕೊಳ್ಳುವ ಪಫರ್ ಮೀನು ಇದ್ದರೆ ಅದು ಸತ್ತ ಮೇಲೂ ವಿಷವೇ. ಗಾಳದ ಮುಳ್ಳೂ ಇರುತ್ತದೆ. ಉಪ್ಪುನೀರು ಕುಡಿಯದಂತೆ ಸಿಹಿನೀರು ಆಗಾಗ ಕೊಡಿ, ಬಂದ ಮೇಲೆ ಮೈ ತೊಳೆಯಿರಿ.

ಬೀದಿನಾಯಿಗಳ ಜೊತೆ ಪರಿಚಯ ಮಾಡಿಕೊಳ್ಳಲೂ ಇದೇ ಕಾಲ. ಕಿವಿಯ ತುದಿ ಕತ್ತರಿಸಿದ್ದರೆ ಅದಕ್ಕೆ ಸಂತಾನಹರಣ ಆಗಿದೆ ಅಂತ ಅರ್ಥ. ಗುಂಪು ಎದುರಾದರೆ ಓಡಬೇಡಿ, ನಿಮ್ಮ ನಾಯಿಯನ್ನು ನಿಮ್ಮ ಹಿಂದೆ ತಂದು ನಿಧಾನ ಬದಿಗೆ ಸರಿಯಿರಿ. ನಿಮಗೇ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆ ದಿನವೇ ಲಸಿಕೆ ತೆಗೆದುಕೊಳ್ಳಿ.

ಫೆಬ್ರವರಿ ಕೊನೆಗೆ ಸೆಕೆ ಮತ್ತೆ ಶುರು. ನಾಯಿಯ ಮೈ ಹೊಸ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಚಳಿಗಾಲದಲ್ಲಿ ಒಂದು ಗಂಟೆ ನಡೆದಿದ್ದರೆ ಮಾರ್ಚ್ ಒಂದರಂದು ಅಷ್ಟೇ ನಡೆಸಬೇಡಿ. ದಿನಕ್ಕೆ ಐದು ನಿಮಿಷ ಬೇಗ ಹೊರಡುತ್ತಾ, ಎರಡು ದಿನಕ್ಕೆ ಐದು ನಿಮಿಷ ದೂರ ಕಡಿಮೆ ಮಾಡುತ್ತಾ ಬನ್ನಿ. ಬೊಳ್ಳಿಗೆ ಈಗ ಒಂಬತ್ತು ವರ್ಷ. ಮಾರ್ಚ್ ನಡುಭಾಗಕ್ಕೆ ಅವಳೇ ಐದೂಮುಕ್ಕಾಲಕ್ಕೆ ಮಂಚದ ಪಕ್ಕ ಬಂದು ನಿಲ್ಲುತ್ತಾಳೆ. ನಾನು ಚಪ್ಪಲಿ ಹಾಕುವ ಮುಂಚೆ ಅಂಗಳಕ್ಕೆ ಇಳಿದು, ಹಗ್ಗದಲ್ಲಿ ನಿನ್ನೆ ಹಾಕಿದ ಬಟ್ಟೆ ಮುಟ್ಟಿ ನೋಡುತ್ತೇನೆ. ಇನ್ನೂ ಒದ್ದೆ ಇದ್ದರೆ ಆ ದಿನ ಸಣ್ಣ ಸುತ್ತು.